ದುಭಾಷಿ

ಗಡಿಯಾಚೆಯ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ಸುಮಂಗಲಾ ನಿದ್ದೆ ಬಾರದ ತಾಯಂದಿರ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಅಲ್ಲಿಯ ಭಾಷೆ ಅವರಿಗೆ ಬರುತ್ತಿರಲಿಲ್ಲ. ಅದೇ ಶಿಬಿರದಲ್ಲಿದ್ದ ಹಲೀಮಾ ಅವರಿಗೆ ದುಭಾಷಿ. ಊರಲ್ಲಿದ್ದಾಗ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು.

ಅಂದು ಎದುರಿಗೆ ಕೂತ ಹೆಂಗಸು ನೆಲ ನೋಡುತ್ತಿದ್ದಳು.

“ಊರು ಬಿಟ್ಟ ದಿನ ಏನಾಯಿತು ಅಂತ ಕೇಳಮ್ಮ,” ಎಂದರು ಡಾಕ್ಟರ್.

ಹಲೀಮಾ ಕೇಳಿದಳು. ಹೆಂಗಸು ತಲೆಯೆತ್ತಿ ಅವಳನ್ನೇ ನೋಡಿ, ಮೆಲ್ಲಗೆ ಏನೋ ಒಂದು ಮಾತು ಅಂದು ಮತ್ತೆ ನೆಲ ನೋಡತೊಡಗಿದಳು.

ಹಲೀಮಾ ಎಂದಿನ ದನಿಯಲ್ಲೇ ಶುರು ಮಾಡಿದಳು. “ಹೊಳೆ ದಾಟುವಾಗ ಗುಂಡಿನ ಸದ್ದು ಕೇಳಿತು. ಜನ ಒಂದೇ ಕಡೆಗೆ ಸರಿದರು, ದೋಣಿ ಮಗುಚಿತು. ಒಂದು ಕೈಯಲ್ಲಿ ಮಗ, ಇನ್ನೊಂದರಲ್ಲಿ ಮಗಳು. ಈಜೋದಕ್ಕೆ ಒಂದು ಕೈ ಬೇಕಿತ್ತು. ಮಗಳನ್ನು ಬಿಡಬೇಕಾಯಿತು. ದಡ ಸೇರಿದಾಗ ಮಗನಿಗೂ ಉಸಿರಿರಲಿಲ್ಲ. ಆದರೂ ಒದ್ದೆ ಅಂಗಿ ಬಿಚ್ಚಿ, ತಲೆ ಒರೆಸಿ, ಬಿಸಿಲಿಗೆ ಮಲಗಿಸಿದ್ದಾಯಿತು.”

ಬರೆಯುತ್ತಿದ್ದ ಡಾಕ್ಟರ್ ಕೈ ನಿಲ್ಲಿಸಿದರು. “ಆಕೆ ಆಡಿದ್ದು ಒಂದೇ ಮಾತಲ್ಲವೇ? ಇಷ್ಟೆಲ್ಲ ಯಾವಾಗ ಹೇಳಿದರು?”

“ಅವರು ಅಂದಿದ್ದು ಇಷ್ಟೇ ಮೇಡಂ,” ಎಂದಳು ಹಲೀಮಾ. “‘ನಿನಗೆ ಆದದ್ದೇ ನನಗೂ ಆಗಿದೆ, ನೀನೇ ಹೇಳಿಬಿಡು’ ಅಂತ.”