ಹುಡುಗನ ಕಡೆಯವರು

"ಹೆಣ್ಣು ಕೇಳೋಕೆ ಗಂಡು ತಾನೇ ಬಾಯಿ ಬಿಡೋದುಂಟೇನಮ್ಮಾ? ಅದೂ ಒಬ್ಬನೇ ಬಂದು!" ಹಿಕ್ಮೆತ್ ತನ್ನ ತಾಯಿಯ ಕಡೆ ತಿರುಗಿ ಗುಡುಗಿದ. ಎದುರು ಸೋಫಾದಲ್ಲಿ ಟಾರ್ಸ್ಟನ್ ಮೊಣಕಾಲು ಜೋಡಿಸಿಕೊಂಡು ಕೂತಿದ್ದ. ನಾಲ್ಕು ಜನ ಹಿರಿಯರು ಕೂರಬೇಕಾದ ಸೋಫಾ ಅದು. ಹೂಗುಚ್ಛ, ಚಾಕಲೇಟಿನ ತಟ್ಟೆ ಎಲ್ಲವನ್ನೂ ಪದ್ಧತಿ ಪ್ರಕಾರವೇ ತಂದಿದ್ದ, ಪಾಪ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಯೆಲಿಜ್ ತುಟಿ ಕಚ್ಚಿಕೊಂಡಳು. ತಪ್ಪು ಅವಳದೇ. "ಅಲ್ಲಾಹನ ಅಪ್ಪಣೆ, ಪ್ರವಾದಿಯ ಮಾತಿನಂತೆ ನಿಮ್ಮ ಮಗಳನ್ನು ಕೊಡಿ" ಎಂಬ ವಾಕ್ಯವನ್ನು ಮೂರು ವಾರ ಅವನಿಗೆ ಟರ್ಕಿಶ್ ಭಾಷೆಯಲ್ಲಿ ಬಾಯಿಪಾಠ ಮಾಡಿಸಿದ್ದಳು. ಅದನ್ನು ಹುಡುಗನ ಮನೆಯ ಹಿರಿಯರು ಹೇಳಬೇಕು, ಹುಡುಗ ತುಟಿ ಪಿಟಕ್ಕೆನ್ನಬಾರದು ಎಂಬುದೇ ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ ಹುಟ್ಟಿ ಬೆಳೆದ ಈ ಮಹಾರಾಯಿತಿಗೆ ಹೊಳೆದಿರಲಿಲ್ಲ.

"ಅಪ್ಪಾ, ಅವನು ಅನಾಥಾಶ್ರಮದಲ್ಲಿ ಬೆಳೆದವನು. ಹಿರಿಯರನ್ನ ಎಲ್ಲಿಂದ ತರ್ತಾನೆ?"

"ಅದೇ ನಾನೂ ಕೇಳ್ತಿರೋದು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರ ಮನೆ ಬಾಗಿಲು ತಟ್ಟಲಿ? ಹಿಂದೆ ಮುಂದೆ ಯಾರೂ ಇಲ್ಲದವನಿಗೆ ಹೆಣ್ಣು ಕೊಡೋದು ನಮ್ಮಲ್ಲಿಲ್ಲ. ಆಗೋದಿಲ್ಲ ಅಂತ ಹೇಳಿ ಕಳಿಸು."

ಯೆಲಿಜ್ ಅಪ್ಪನ ಮಾತು ಮೀರಿ ಮದುವೆಯಾಗಲಾರಳು, ಟಾರ್ಸ್ಟನ್‌ನನ್ನು ಬಿಟ್ಟು ಬದುಕಲಾರಳು. ಅವನಿಗೆ ಅವರ ಮಾತು ಅರ್ಥವಾಗದಿದ್ದರೂ ಮುಖ ನೋಡಿಯೇ ಎಲ್ಲ ತಿಳಿದಿತ್ತು. ಮೆಲ್ಲನೆ ಎದ್ದು ಕೋಟು ಎತ್ತಿಕೊಂಡ.

"ಕೂತ್ಕೊಳ್ಳೋ!" ಎಂದಳು ಹಜೆರ್ ಅಜ್ಜಿ. ಅವನಿಗೆ ಅಷ್ಟು ಅರ್ಥವಾಯಿತು, ಕೂತ.

ಅಜ್ಜಿ ಮಗನ ಪಕ್ಕದಿಂದ ಎದ್ದಳು. ಸೊಂಟ ಹಿಡಿದುಕೊಂಡು, "ಯಾ ಅಲ್ಲಾ" ಎನ್ನುತ್ತಾ ರತ್ನಗಂಬಳಿಯ ಉದ್ದಕ್ಕೂ ನಡೆದು ಹೋಗಿ ಆ ಹುಡುಗನ ಪಕ್ಕದಲ್ಲಿ ಧಪ್ಪನೆ ಕೂತಳು. ತಲೆವಸ್ತ್ರ ಸರಿಮಾಡಿಕೊಂಡಳು.

"ಇದೇನಮ್ಮಾ ಆಟ?"

"ನೀನು ಹುಟ್ಟೋ ದಿನ ನಿಮ್ಮಪ್ಪ ಕಲ್ಲಿದ್ದಲು ಗಣಿ ಒಳಗಿದ್ರು. ಆಸ್ಪತ್ರೆಯವರು ನಿಮ್ಮ ಕಡೆಯವರು ಯಾರು ಅಂದ್ರು. ಈ ಊರಲ್ಲಿ ನನಗ್ಯಾರಿದ್ರೋ? ಕೆಳಗಿನ ಮನೆ ಕ್ರೂಗರಮ್ಮ ಮುಂದೆ ಬಂದು, ಇವಳು ನನ್ನ ಮಗಳು ಅಂದ್ಲು. ಅವಳ ಭಾಷೆ ನನಗೆ ಬರ್ತಿರಲಿಲ್ಲ, ನನ್ನದು ಅವಳಿಗೆ ಬರ್ತಿರಲಿಲ್ಲ. ನಿನ್ನನ್ನ ಮೊದಲು ಎತ್ಕೊಂಡವಳೂ ಅವಳೇ." ಅಜ್ಜಿ ಟಾರ್ಸ್ಟನ್‌ನ ಬೆನ್ನ ಮೇಲೆ ಕೈಯಿಟ್ಟಳು. "ಇವನು ನನ್ನ ಮೊಮ್ಮಗ. ಹೆಚ್ಚುಕಮ್ಮಿ ಆದ್ರೆ ಪಕ್ಕದ ಕೋಣೇಲಿ ನಾನಿರ್ತೀನಿ, ಬಂದು ಬಾಗಿಲು ತಟ್ಟು."

"ಅಮ್ಮಾ..."

"ಅಮ್ಮ ಆ ಕಡೆ ಕೂತಿದ್ಲಪ್ಪ. ಈ ಕಡೆ ಕೂತಿರೋಳು ನಿಮ್ಮ ಬೀಗಿತ್ತಿ." ಬೆನ್ನು ನೆಟ್ಟಗೆ ಮಾಡಿ, ಸಭೆಗೆ ಹೇಳುವಂತೆ ಗಟ್ಟಿಯಾಗಿ ನುಡಿದಳು: "ಅಲ್ಲಾಹನ ಅಪ್ಪಣೆ, ಪ್ರವಾದಿಯ ಮಾತಿನಂತೆ ನಿಮ್ಮ ಮಗಳು ಯೆಲಿಜ್‌ನ ನಮ್ಮ ಹುಡುಗನಿಗೆ ಕೇಳೋಕೆ ಬಂದಿದೀವಿ. ಏನಂತೀರಿ, ಬೀಗರೇ?"

ಹಿಕ್ಮೆತ್ ತಾಯಿಯನ್ನು ನೋಡಿದ, ಬೆವರುತ್ತಿದ್ದ ಹುಡುಗನನ್ನು ನೋಡಿದ. ಅವನ ಮೀಸೆಯಡಿ ನಗು ತಡೆಯದೆ ಹೊರಬಂತು, ಕಣ್ಣು ತುಂಬಿತು. ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ.

"ಹಿರಿಯರು ಬಂದು ಕೇಳಿದ ಮೇಲೆ ಇನ್ನೇನಿದೆ? ಕೊಟ್ಟೆವು ಬೀಗಿತ್ತಿ, ನಿಮ್ಮ ಹುಡುಗನಿಗೇ ಕೊಟ್ಟೆವು."

ಯೆಲಿಜ್‌ಗೆ ಸಂತೋಷ ತಡೆಯಲಾಗಲಿಲ್ಲ. ಅಳುತ್ತಾ ನಗುತ್ತಾ ಓಡಿಬಂದು ಅಜ್ಜಿಯನ್ನು ತಬ್ಬಿಕೊಳ್ಳಲು ಹೋದಳು. ಅಜ್ಜಿ ಕೈ ಅಡ್ಡ ಹಿಡಿದಳು.

"ಏಯ್, ದೂರ ನಿಲ್ಲೇ! ನಾನೀಗ ಗಂಡಿನ ಕಡೆಯೋಳು. ಮೊದಲು ಕಾಫಿ ಮಾಡ್ಕೊಂಡು ಬಾ. ರುಚಿ ನೋಡಿ ಆಮೇಲೆ ಹೇಳ್ತೀನಿ, ಹುಡುಗಿ ಒಪ್ಪಿಗೆಯೋ ಇಲ್ಲವೋ ಅಂತ."