ಚಾಚಿಯ ಪೆಟ್ಟಿಗೆ

ಅತ್ತರಿನ ವಾಸನೆ ಬಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ನಿಜಾಮನ ರಾಜ್ಯಕ್ಕೆ ಭಾರತದ ಸೇನೆ ನುಗ್ಗಿದ ಪೊಲೀಸ್ ಆಕ್ಷನ್ ಮುಗಿದ ಮೇಲೆ ಭಾಲ್ಕಿಯಿಂದ ನಾವೆಲ್ಲ ರಜೆಗೆಂದು ಕೊಂಕಣದ ಚಿಕ್ಕವ್ವನ ಊರಿಗೆ, ಸಮುದ್ರ ನೋಡಲು ಹೊರಡುವವರಿದ್ದೆವು. ಅವ್ವ ಖಡಕ್ ರೊಟ್ಟಿಯ ಬುತ್ತಿ ಕಟ್ಟಿದ್ದಳು. ಬಟ್ಟೆ ತುಂಬಲು ಅಪ್ಪ ಹಸಿರು ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಅದು ಆಗ ಮುಸಲ್ಮಾನರ ಮೇಲೆ ನಡೆದ ದಾಳಿಗೆ ಹೆದರಿ ಊರು ಬಿಟ್ಟು ಓಡಿಹೋಗಿದ್ದ ನೆರೆಮನೆಯ ಚಾಚಿಯದು. ಅದರ ಮೇಲೆ ಕೂತೇ ನಾನೂ ಅವಳ ಮಗಳೂ ಈದಿನ ಶಾವಿಗೆ ಪಾಯಸ, ಸುರಕುಂಬಾ ಕುಡಿದಿದ್ದೆವು. ಮುಚ್ಚಳ ತೆರೆದಾಗ ಅವಳ ಅತ್ತರು ಘಮ್ಮೆಂದಿತು.

“ಇದ್ಯಾಕ ತಂದ್ರಿ?” ಅವ್ವ ಕೇಳಿದಳು.

“ಮನಿ ಖಾಲಿ ಬಿದ್ದದ, ತಂದೀನಿ.”

“ಖಾಲಿ ಮಾಡಿಸಿದವ್ರು ಯಾರ್ರಿ?”

ಅಪ್ಪ ಪೆಟ್ಟಿಗೆಯನ್ನು ಅವಳತ್ತ ತಳ್ಳಿದ. “ಹುಡುಗರು ಸಮುದ್ರ ನೋಡ್ಲಿ, ಸುಮ್ಮ ತುಂಬು” ಎಂದ.

ಅವ್ವ ಬುತ್ತಿ ಬಿಚ್ಚಿದಳು. ಆ ರೊಟ್ಟಿಯನ್ನೇ ವಾರವೆಲ್ಲ ನಮಗೆ ಬಡಿಸಿದಳು. ಅಪ್ಪನ ಗಂಗಾಳಕ್ಕೆ ಒಂದನ್ನೂ ಹಾಕಲಿಲ್ಲ.