ಗುಬ್ಬಿ ಇಳಿದ ಸ್ಟಾಪ್

ಭಾನುವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ತನ್ನ ಮಗಳನ್ನು ಕರೆದೊಯ್ಯಲು ಬಂದ ಬಸ್ ಡ್ರೈವರನ ಮೈಮೇಲೆ ಯೂನಿಫಾರ್ಮ್ ಇತ್ತು. ಅದನ್ನು ಕಂಡದ್ದೇ ಮಗುವಿನ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಆಗದಿದ್ದರೆ ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ, ಸುಮ್ಮನೆ ಮಗುವಿಗೆ ಆಸೆ ಹುಟ್ಟಿಸಬೇಡಿ ಅಂದಳು. ಅವನು ಜಗ್ಗಲಿಲ್ಲ. ಕೋರ್ಟು ಕೊಟ್ಟಿದ್ದು ಹದಿನೈದು ದಿನಕ್ಕೊಂದು ಭಾನುವಾರ, ಹತ್ತರಿಂದ ಐದರವರೆಗೆ. ಹೋದ ಸಲ ಮಗಳಿಗೆ ಜ್ವರ, ಅದರ ಹಿಂದಿನ ಸಲ ಪರೀಕ್ಷೆ. ಈ ಸಲ ದೋಣಿಯಲ್ಲಿ ಕೂರಿಸುತ್ತೇನೆ ಅಂತ ಮಾತು ಕೊಟ್ಟು ರಜೆಯನ್ನೂ ಬರೆದುಕೊಟ್ಟಿದ್ದ. ಬೆಳಗ್ಗೆ ಏಳಕ್ಕೆ ಡಿಪೋದಿಂದ ಫೋನ್ ಬಂತು: ಇನ್ನೊಬ್ಬ ಡ್ರೈವರ್ ಬೆನ್ನು ಹಿಡಿದುಕೊಂಡು ಮಲಗಿದ್ದಾನೆ, ನೀನೇ ಬರಬೇಕು.

"ಬಸ್ಸಲ್ಲೇ ನನ್ನ ಜೊತೆ ಇರ್ತಾಳೆ, ಬಿಡು," ಅಂದ. ಮಗಳು ಗುಬ್ಬಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು.

ಡ್ಯೂಟಿಯ ಮೇಲಿದ್ದಾಗ ಮನೆಯವರನ್ನು ಜೊತೆಗೆ ಕೂರಿಸಿಕೊಂಡು ಸುತ್ತುವ ಹಾಗಿಲ್ಲ. ಕೋರ್ಟಿಗೆ ಅಲೆಯುವಾಗ ತಡವಾಗಿ ಬಂದದ್ದಕ್ಕೆ ಅವನ ಹೆಸರಿನಲ್ಲಿ ಎರಡು ನೋಟೀಸುಗಳು ಬಿದ್ದಿದ್ದವು. ಮೂರನೆಯದು ಬಂದರೆ ಮನೆಗೆ ಹೋಗುವುದೇ. ಕೆಲಸವಿಲ್ಲದವನಿಗೆ ಈ ಭಾನುವಾರಗಳೂ ಉಳಿಯುವುದಿಲ್ಲ ಅಂತ ಲಾಯರು ಬಾಯಿ ಬಿಟ್ಟೇ ಹೇಳಿದ್ದರು. ಕಂಡಕ್ಟರ್ ಇಲ್ಲದ ಬಸ್ಸು, ಟಿಕೆಟ್ ಕೊಡುವವನೂ ಅವನೇ. ಅದಕ್ಕೇ ಮಗಳಿಗೂ ಒಂದು ಟಿಕೆಟ್ ಹರಿದುಕೊಟ್ಟು, ನೀನು ಇವತ್ತು ನನ್ನ ಪ್ರಯಾಣಿಕಳು ಅಂತ ನಕ್ಕು, ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂರಿಸಿದ.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಬಸ್ಸು ಏರಿನಲ್ಲಿ ಕೆಮ್ಮುತ್ತಾ ಹತ್ತಿದಾಗ, ಇದಕ್ಕೂ ನನ್ನ ಥರಾನೇ ಜ್ವರ ಬಂದಿತ್ತಾ ಅಂತ ಕೇಳಿ ಅವನನ್ನು ನಗಿಸಿದಳು. ಆದರೆ ಮಾತಿಗೆ ಸಿಗುತ್ತಿದ್ದದ್ದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಇದ್ದಷ್ಟು ಹೊತ್ತು ಮಾತ್ರ. ಶಾಲೆಯಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ, ರಾತ್ರಿ ಈಗಲೂ ದೀಪ ಹಚ್ಚಿಯೇ ಮಲಗುತ್ತೀಯಾ, ಹೀಗೆ ಕೇಳಬೇಕು ಅಂತ ಒಂದೂವರೆ ತಿಂಗಳು ಕೂಡಿಟ್ಟುಕೊಂಡದ್ದು ರಾಶಿ ಇತ್ತು. ಅವಳು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ದೀಪ ಹಸಿರಾಗುತ್ತಿತ್ತು, ಹಿಂದಿನ ಗಾಡಿಯವನು ಹಾರ್ನ್ ಒತ್ತುತ್ತಿದ್ದ. ಕೊನೆಯ ನಿಲ್ದಾಣದಲ್ಲಿ ಏಳು ನಿಮಿಷದ ಬಿಡುವು. ಅದರಲ್ಲಿ ನಾಲ್ಕು ಅವಳು ಶೌಚಾಲಯಕ್ಕೆ ಹೋಗಿ ಬರುವುದರಲ್ಲೇ ಕಳೆಯಿತು. ಉಳಿದ ಮೂರರಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೊಂದು ಬಾಳೆಹಣ್ಣು ತಿಂದರು.

ಎರಡನೆಯ ಸುತ್ತಿಗೆ ಅವಳ ಹಣೆ ಕಿಟಕಿಯ ಗಾಜಿಗೆ ಒರಗಿತ್ತು. ಅದೇ ಅಂಗಡಿಗಳು, ಅದೇ ಗೋಡೆಗಳು. ಮುಂದಿನ ಸಲ ಖಂಡಿತ ದೋಣಿ ಅಂತ ಅವನು ಕನ್ನಡಿಯಲ್ಲಿ ಅವಳನ್ನು ಹುಡುಕುತ್ತಾ ಹೇಳಿದ.

"ಪರವಾಗಿಲ್ಲ ಅಪ್ಪಾ. ನೀನು ರಸ್ತೆ ನೋಡು."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದೇ ಅವನಿಗೆ ಚುಚ್ಚಿದ್ದು. ಜಗಳವಾಡುವುದನ್ನೂ ಬಿಟ್ಟಿದ್ದ ಕೊನೆಯ ವರ್ಷದಲ್ಲಿ ಇವಳ ಅಮ್ಮ ಮಾತಾಡುತ್ತಿದ್ದದ್ದು ಥೇಟ್ ಹೀಗೆಯೇ. ಆ ಯೋಚನೆಯಲ್ಲಿ ಬಿದ್ದು ಮೂರನೆಯ ಸುತ್ತಿಗೆ ಅವಳಿಗೆ ಹೊಸ ಟಿಕೆಟ್ ಹರಿಯುವುದನ್ನೇ ಮರೆತ.

ಎರಡು ಗಂಟೆಯ ಹೊತ್ತಿಗೆ ಮಾರ್ಕೆಟ್ಟಿನ ಹತ್ತಿರ ಚೆಕಿಂಗ್ ಇನ್ಸ್‌ಪೆಕ್ಟರ್ ಹತ್ತಿದ. ಹಿಂದಿನಿಂದ ಒಬ್ಬೊಬ್ಬರದೇ ಟಿಕೆಟ್ ನೋಡುತ್ತಾ ಮೊದಲ ಸೀಟಿಗೆ ಬಂದು ನಿಂತ. ಗುಬ್ಬಿ ಕೊಟ್ಟ ಚೀಟಿಯನ್ನು ತಿರುಗಿಸಿ ನೋಡಿ, ಇದು ಹಿಂದಿನ ಟ್ರಿಪ್ಪಿನದಲ್ವಾ, ಯಾರ ಜೊತೆ ಬಂದಿದೀಯಮ್ಮ ಅಂತ ಕೇಳಿದ. ಡ್ರೈವರ್ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. ನನ್ನ ಮಗಳು ಸರ್ ಅನ್ನಬೇಕು. ಮೂರೇ ಪದ. ಅವನು ಕಣ್ಣನ್ನು ಮತ್ತೆ ರಸ್ತೆಗೆ ತಿರುಗಿಸಿದ.

"ಒಬ್ಬಳೇ ಅಂಕಲ್," ಅಂದಳು ಗುಬ್ಬಿ. "ನಿದ್ದೆ ಬಂದುಬಿಡ್ತು, ಇಳಿಯೋದು ತಪ್ಪಿಹೋಯ್ತು. ಮುಂದಿನ ಸ್ಟಾಪೇ ನಮ್ಮನೆ."

ಹೇಳಿದವಳೇ ಎದ್ದು ಕಂಬದ ಮೇಲಿನ ಬೆಲ್ ಒತ್ತಿದಳು. ಅವನ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಮುಂದಿನ ಸ್ಟಾಪ್ ನಿಜಕ್ಕೂ ಅವಳ ಅಮ್ಮನ ಮನೆಯದೇ.

ಅಲ್ಲಿಗೆ ಒಂದೂವರೆ ನಿಮಿಷದ ದಾರಿ. ಅಷ್ಟು ಹೊತ್ತೂ ಅವನು, ಈಗ ಹೇಳುತ್ತೇನೆ, ಆ ತಿರುವು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡೇ ಬಸ್ ಓಡಿಸಿದ. ಸ್ಟಾಪ್ ಬಂತು. ಬ್ರೇಕ್ ಹಾಕಿದ. ಬಾಗಿಲು ತಾನಾಗಿ ತೆರೆಯುವಂಥದ್ದಲ್ಲ, ಗುಂಡಿ ಒತ್ತಬೇಕಾದವನು ಅವನೇ. ಒತ್ತಿದ.

ಇಳಿಯುವಾಗ ಒಂದು ಸಲ ತಿರುಗಿ ನೋಡುತ್ತಾಳೆ ಅಂದುಕೊಂಡಿದ್ದ. ಜಾಣೆ, ನೋಡಲಿಲ್ಲ. ಕಂಬಿ ಹಿಡಿದು ಮೆಟ್ಟಿಲಿಳಿದು, ಫುಟ್‌ಪಾತ್ ದಾಟಿ, ಗೇಟು ತಳ್ಳಿಕೊಂಡು ಒಳಗೆ ಹೋದಳು. ಐದು ಗಂಟೆಗೆ ಇನ್ನೂ ಮೂರು ಗಂಟೆ ಬಾಕಿ ಇತ್ತು.

ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನಲ್ಲ. ಗೇಟು ಮುಚ್ಚುವವರೆಗೂ ಬಗ್ಗಿ ನೋಡುತ್ತಲೇ ಇದ್ದು, ಆಮೇಲೆ ಡ್ರೈವರನ ಪಕ್ಕಕ್ಕೆ ಬಂದು ನಿಂತ.

"ಇಷ್ಟುದ್ದದ ಮಗೂನ ಒಂಟಿಯಾಗಿ ಬಸ್ ಹತ್ತಿಸಿದಾರೆ ನೋಡಿ. ಅದಕ್ಕೆ ಅಪ್ಪ ಅನ್ನೋನು ಒಬ್ಬ ಇದಾನೋ ಇಲ್ವೋ."

ಡ್ರೈವರ್ ಬಾಗಿಲು ಮುಚ್ಚಿ ಗೇರ್ ಹಾಕಿದ.

"ಇದ್ದ ಹಾಗೆ ಕಾಣಲ್ಲ ಸರ್," ಅಂದ.